ಬೈಸಿಕೊಂಡು ಹೇಳು

"ಗುಳಿಗೆ ನುಂಗಿದ್ಯೇನಮ್ಮಾ ಅಬ್ವೋಲಿ? ತಲೆ ಈಗ ನೆಟ್ಟಗಿದ್ಯಾ?"

ತುಂಬಿದ ಸಂತೆಯಲ್ಲಿ ಬಾಳೆಗೊನೆ ಮಾರುವ ಹೆಂಗಸು ಹೀಗೆ ಕೇಳಿದಾಗ, ಅಬ್ವೋಲಿ ಎಂಬ ಮುದ್ದು ಹೆಸರಿನ ಕೊಬುಸಿಂಗೆಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆ ಹೆಂಗಸಿನ ಮಗ ಮಾನಸಿಕ ಆಸ್ಪತ್ರೆಯಿಂದ ಈಚೆಗೆ ಮನೆಗೆ ಬಂದವನು. ಆಗಾಗ ಹೋಗಿ ಅವನ ಜೊತೆ ಕೂತು ಮಾತಾಡಿಬರುವುದು ಕೊಬುಸಿಂಗೆಯ ಕೆಲಸ.

"ನನ್ ತಲೆಗೇನಾಗಿದೆ? ಯಾರು ಹೇಳಿದ್ದು?"

"ನಿನ್ ಜೊತೆಗಾತೀನೇ ಕಣಮ್ಮ. ನಿನ್ನೆ ಒಬ್ಳೇ ಬಂದಿದ್ಲು. ನಿಂಗೆ ಮತ್ತೆ ಕೆಟ್ಟಿದೆ, ಅದಕ್ಕೇ ಬಿಟ್ಟು ಬಂದೆ ಅಂದ್ಲು."

ಜೊತೆಗಾತಿ ಅಂದರೆ ಕತುಸಾಬೆ. ಇಬ್ಬರೂ ಒಂದು ಕಾಲದಲ್ಲಿ ಅದೇ ಆಸ್ಪತ್ರೆಯ ಹಾಸಿಗೆ ಹಿಡಿದಿದ್ದವರು. ಈಗ ನೀಲಿ ಅಂಗಿ ತೊಟ್ಟು, ತಾವು ದಾಟಿದ ಹೊಳೆಯಲ್ಲಿ ಇನ್ನೂ ಮುಳುಗೇಳುತ್ತಿರುವವರ ಕೈ ಹಿಡಿಯುತ್ತಾರೆ. ಯಾರ ಮನೆಗೆ ಹೋದರೂ ಜೋಡಿಯಾಗಿಯೇ ಹೋಗಬೇಕು.

ಕೊಬುಸಿಂಗೆ ಸಂತೆಯಿಂದ ನೇರ ಆಸ್ಪತ್ರೆಗೆ ಹೋಗಿ, ಜಗಲಿಯಲ್ಲಿ ನಿಂತು ಊರು ಕೇಳುವಂತೆ ಕೂಗಾಡಿದಳು. ಅದೇ ತಪ್ಪಾಯಿತು. ಬೇರೆಯವರು ಕೂಗಿದರೆ ಅದು ಸಿಟ್ಟು. ನೀಲಿ ಅಂಗಿಯವರು ಕೂಗಿದರೆ ಕಾಯಿಲೆ.

ಕತುಸಾಬೆ ಕೈ ಕಟ್ಟಿ ನಿಂತು, ನೀಲಿ ಅಂಗಿಯವರ ಉಸ್ತುವಾರಿಯ ನರ್ಸಿಗೆ, "ನೋಡಿದ್ರಾ ಸಿಸ್ಟರ್? ಕೊಬುಸಿಂಗೆ ಶುರು ಹಚ್ಕೊಂಡ್ಲು," ಅಂದಳು.

ಕೊಬುಸಿಂಗೆಯಂತೆ! ಅವರ ತೋರೋ ಸೀಮೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಮುದ್ದು ಹೆಸರಿರುತ್ತದೆ. ಜಗಳಕ್ಕೆ ನಿಂತರೂ ಅದರಿಂದಲೇ ಕರೆಯುವುದು. ಬರೀ ಹೆಸರು ಹಿಡಿದು ಕೂಗುವವನು ಪೊಲೀಸಿನವನು. ಕೆಲವು ದಿನಗಳಿಂದ ಕತುಸಾಬೆಯ ಬಾಯಲ್ಲಿ 'ಅಬ್ವೋಲಿ' ಬಂದೇ ಇರಲಿಲ್ಲ. ಚಾಡಿಗಿಂತ ಅದೇ ಹೆಚ್ಚು ಚುಚ್ಚಿತ್ತು. ಸರಿ, ನನ್ನ ಬಾಯಲ್ಲೂ ನಿನ್ನ 'ಅದ್ಯೇರಿ' ಬರುವುದಿಲ್ಲ ಎಂದು ಕೊಬುಸಿಂಗೆ ಹಲ್ಲು ಕಚ್ಚಿದಳು. ಆಮೇಲೆ ಇಬ್ಬರೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತು, ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ ಚಹಾ ಕುಡಿದರು.

ಶುಕ್ರವಾರ ಸಿಸ್ಟರ್ ಬಿರಾಬ್ವಾ ಇಬ್ಬರನ್ನೂ ಕರೆಸಿದ್ದರು. ಕೊಬುಸಿಂಗೆಯ ನೀಲಿ ಅಂಗಿ ಉಳಿಯುತ್ತದೋ ಇಲ್ಲವೋ ಅಂದು ತೀರ್ಮಾನ. ಅವಳ ಕಾಯಿಲೆಯ ದಿನಗಳಲ್ಲಿ ಎತ್ತಿಕೊಂಡು ಹೋಗಿದ್ದ ಮಗಳನ್ನು ಅತ್ತೆ ತಿರುಗಿ ಕಳಿಸಿದ್ದು ಆ ಅಂಗಿಯನ್ನು ನೋಡಿಯೇ. ಅಂಗಿ ಹೋದರೆ ಮಗಳೂ ಹೋದಳೆಂದೇ ಲೆಕ್ಕ. ಬೆಳಿಗ್ಗೆ ಮಗುವಿಗೆ ರಾಗಿ ಮುದ್ದೆ ಮುರಿದು ಹುರುಳಿಕಾಯಿ ಸಾರಿನಲ್ಲಿ ಅದ್ದಿ ತಿನ್ನಿಸಿದಳು. ಪಾತ್ರೆಯನ್ನು ಒಂದೇ ಸಲ ತಿಕ್ಕಿ ಬೋರಲು ಹಾಕಿದಳು. ತಿಕ್ಕಿದ್ದನ್ನೇ ತಿಕ್ಕುತ್ತ ಕೂರುವುದು ಅವಳ ಕಾಯಿಲೆ ಮರಳುವ ಮುನ್ಸೂಚನೆ. ಬೋರಲು ಬಿದ್ದ ಪಾತ್ರೆಯನ್ನು ನೋಡಿ, ನಾನು ಸರಿಯಿದ್ದೇನೆ ಎಂದು ಧೈರ್ಯ ತಂದುಕೊಂಡಳು.

"ಮಾತ್ರೆ ತಗೋತಿದ್ದೀಯಾ?" ಸಿಸ್ಟರ್ ತಮ್ಮ ಕೋಣೆಯಲ್ಲಿ ಕೊಬುಸಿಂಗೆಯನ್ನು ಕೇಳಿದರು. ಅವರು ದೂರದ ಸೀಮೆಯವರು. ಮುದ್ದು ಹೆಸರಿನ ಬಳಕೆ ಅವರಲ್ಲಿಲ್ಲ.

"ತಗೋತಿದ್ದೀನಿ."

"ಸುಳ್ಳು! ಕೊಬುಸಿಂಗೆ ನಿದ್ದೆ ಮಾಡಲ್ಲ. ಕೊಬುಸಿಂಗೆ ನನ್ ಬೆನ್ನ ಹಿಂದೆ ಎಲ್ಲರನ್ನೂ ಎತ್ತಿಕಟ್ತಾಳೆ," ಕತುಸಾಬೆ ಉಸಿರು ಬಿಡದೆ ಹೇಳಿದಳು.

ಅಷ್ಟರಲ್ಲಿ ಆಸ್ಪತ್ರೆ ಗುಡಿಸುವ ಮುದುಕಿ ಚಹಾ ತಂದಳು. ಚಿಕ್ಕ ಮಕ್ಕಳೂ ಅವಳನ್ನು ಅಕೀಕಿ ಎಂದು ಮುದ್ದು ಹೆಸರಿನಿಂದಲೇ ಕರೆಯುತ್ತಿದ್ದರು.

"ಕಬಗೆನಿ, ಲೋಟ ಇಲ್ಲಿಡು," ಅಂದಳು ಕತುಸಾಬೆ.

ಮುದುಕಿ ತಪ್ಪು ಕೇಳಿಸಿತೇನೋ ಎಂಬಂತೆ ಅವಳತ್ತ ತಿರುಗಿ ನೋಡಿದಳು. ಕೊಬುಸಿಂಗೆ ತಲೆ ಎತ್ತಿದಳು. ಹಾಗಾದರೆ ಮುದ್ದು ಹೆಸರು ನಿಂತಿದ್ದು ನನಗೊಬ್ಬಳಿಗಲ್ಲ!

ನೀಲಿ ಅಂಗಿ ಸಿಕ್ಕ ದಿನ, ಜೊತೆಗಾತಿಯರು ತಂತಮ್ಮ ಮುನ್ಸೂಚನೆ ಹೇಳಿಕೊಳ್ಳಬೇಕಾಗಿತ್ತು. ಕೊಬುಸಿಂಗೆ ಪಾತ್ರೆಯ ಮಾತು ಹೇಳಿದ್ದಳು. ಕತುಸಾಬೆ ಹೇಳಿದ್ದು ಇದು: "ಜನರನ್ನ ಮುದ್ದು ಹೆಸರಿಂದ ಕರೆಯೋದು ನಿಲ್ಲಿಸ್ತೀನಿ ಕಣೇ. ಆಗ ಮೊದ್ಲು ನಂಗೆ ಹೇಳು, ಆಮೇಲೆ ಬೇಕಾದ್ರೆ ಸಿಸ್ಟರ್‌ಗೆ. ನಾನು ಬಾಯಿಗೆ ಬಂದಂಗೆ ಬೈತೀನಿ. ಬೈಸಿಕೊಂಡು ಹೇಳು."

ಮುನ್ಸೂಚನೆ ಮೂಗಿನ ಕೆಳಗೇ ಇತ್ತು. ಕೊಬುಸಿಂಗೆ ಅದನ್ನು ಹಗೆ ಎಂದುಕೊಂಡು ಹಗೆಯನ್ನೇ ತಿರುಗಿ ಕೊಟ್ಟಿದ್ದಳು.

"ಏನಾದ್ರೂ ಹೇಳೋದಿದ್ಯಾ?" ಸಿಸ್ಟರ್ ಕೇಳಿದರು.

ಇತ್ತು. ತಲೆ ಕೆಟ್ಟಿರುವುದು ನನ್ನದಲ್ಲ, ಅವಳದು ಎಂದು ಇಲ್ಲೇ ಹೇಳಿದರೆ ಅಂಗಿಯೂ ಉಳಿಯುತ್ತಿತ್ತು, ಸಂತೆಯ ಅವಮಾನಕ್ಕೆ ಬಡ್ಡಿಯೂ ಸಿಗುತ್ತಿತ್ತು. ನಾಲಿಗೆಯ ತುದಿಗೆ ಬಂದ ಮಾತು ನಿಜವೇ ಆಗಿತ್ತು. ಅವಳು ಅದನ್ನು ನುಂಗಿದಳು.

"ಇವಳ ಹತ್ರ ಒಂದ್ ಮಾತಾಡ್ಬೇಕು ಸಿಸ್ಟರ್. ಹೊರಗೆ."

ಜಗಲಿಯಲ್ಲಿ ಕತುಸಾಬೆಯ ಎದುರು ನಿಂತು, ಕಷ್ಟಪಟ್ಟು ಆ ಹೆಸರನ್ನು ಬಾಯಿಗೆ ತಂದಳು. "ಅದ್ಯೇರಿ, ನನ್ನ ಮುದ್ದು ಹೆಸರು ಏನು?"

"ನಿಂಗ್ಯಾಕೆ ಮುದ್ದು? ಹಾವಿಗೆ ಮುದ್ದು ಹೆಸರಿಡ್ತಾರಾ?"

"ನೀನೇ ಹೇಳಿದ್ದೆ, ಇದು ನಿಂತ್ರೆ ಹೇಳು ಅಂತ. ನಿಂತಿದೆ."

ಕತುಸಾಬೆಯ ಮುಖ ಸೆಟೆದುಕೊಂಡಿತು. ಕೈಯಲ್ಲೇ ಹಿಡಿದು ತಂದಿದ್ದ ಲೋಟದ ಬಿಸಿ ಚಹಾ ಕೊಬುಸಿಂಗೆಯ ನೀಲಿ ಅಂಗಿಯ ಮೇಲೆ ಬಿತ್ತು. "ಹುಚ್ಚಿ! ಮಗು ಸಾಕೋಕೆ ಯೋಗ್ಯತೆ ಇಲ್ಲದೋಳು ನಂಗೆ ಹೇಳೋಕೆ ಬಂದ್ಲು!"

ಮಗುವಿನ ಮಾತು ಎತ್ತಿದ್ದಕ್ಕೆ ಕೊಬುಸಿಂಗೆಯ ಕೈ ಎದ್ದೇಬಿಟ್ಟಿತು. ಅರ್ಧ ದಾರಿಯಲ್ಲಿ ಹೇಗೋ ನಿಂತಿತು.

ಗದ್ದಲ ಕೇಳಿ ಬಂದ ಸಿಸ್ಟರ್, ಎತ್ತಿದ ಕೈಯನ್ನೂ ಒದ್ದೆ ಅಂಗಿಯನ್ನೂ ನೋಡಿದರು. ಯಾರದು ಸರಿ ಎಂದು ಕೇಳಲಿಲ್ಲ. "ಇಬ್ರೂ ಅಂಗಿ ಬಿಚ್ಚಿ ಕೊಡಿ. ಡಾಕ್ಟರು ನೋಡಿ ಹೇಳೋವರೆಗೂ ಇಬ್ರಿಗೂ ಕೆಲಸ ಇಲ್ಲ."

ಡಾಕ್ಟರ ಬಾಗಿಲ ಮುಂದಿನ ಬೆಂಚಿನಲ್ಲಿ ಕೊಬುಸಿಂಗೆ ಹಳೆಯ ಕುಪ್ಪಸದಲ್ಲಿ ಕೂತಳು. ಸುಟ್ಟ ಎದೆ ಉರಿಯುತ್ತಿತ್ತು. ಸಂಜೆ ಈ ಸುದ್ದಿ ಅತ್ತೆಯ ಕಿವಿಗೆ ಬೀಳುತ್ತದೆ. ಕತುಸಾಬೆಯನ್ನು ಅವಳು ಕ್ಷಮಿಸಿರಲಿಲ್ಲ. ಅಷ್ಟು ದೊಡ್ಡ ಮನಸ್ಸು ಅಂದು ಅವಳಲ್ಲಿರಲಿಲ್ಲ. ಆದರೂ ಬೆಂಚಿನ ಮಧ್ಯಕ್ಕೆ ಸರಿದು ಕೂತಿದ್ದಳು.

ಕತುಸಾಬೆ ಗೇಟಿನತ್ತ ಹೋಗುವುದು, ತಿರುಗಿ ಬರುವುದು ಮಾಡುತ್ತಿದ್ದಳು. "ನಿನ್ ಬಾಯಿಗೆ ಹುಳ ಬೀಳ, ಕೊಬುಸಿಂಗೆ. ನಿನ್ ಮನೆ ಒಲೆ ಆರಿಹೋಗ."

"ಇನ್ನೂ ಬೈ ಅದ್ಯೇರಿ. ಕೂತ್ಕೊಂಡು ಬೈ."

ಗೇಟಿನ ಹತ್ತಿರ ಹೋದವಳು ಅಲ್ಲಿಂದ ತಿರುಗಿದಳು. ಬಂದು ಬೆಂಚಿನ ತುದಿಯಲ್ಲಿ ಕೂತು, ಮತ್ತೆ ಮೊದಲಿನಿಂದ ಬೈಯತೊಡಗಿದಳು.