ಕೂರಿಸಿ ಮಣ್ಣು ಮಾಡಿದ್ದು

ಬಸ್ಸಿನ ಕಂಬಿ ಅಂಗೈ ಬೆವರಿಗೆ ಜಾರುತ್ತಿದೆ, ಹರಿಹರ ಇನ್ನೂ ಬಂದಿಲ್ಲ, ಬೆಳಿಗ್ಗೆ ಫೋನಿನಲ್ಲಿ ಲಾಲ್ ಸಾಬರ ಮಗ ಇಮ್ರಾನ್ ಹೇಳಿದ್ದು ಇಷ್ಟೇ, ಅಬ್ಬಾ ಹೋಗ್ಬಿಟ್ರು ಕಾಕಾ, ಮಧ್ಯಾಹ್ನದ ನಮಾಜಾದ್ಮೇಲೆ ಮಣ್ಣು, ಬರ್ರಿ — ವಾಮದೇವಪ್ಪ ಲಿಂಗಪೂಜೆ ಮುಗಿಸಿ ಹೊರಟುಬಿಟ್ಟರು, ಗಾದಿ ಹೊಲಿಯುವ ಲಾಲ್ ಸಾಬರು, ನಲವತ್ತು ವರ್ಷ ಹರಿಹರದ ಪೇಟೆಯಲ್ಲಿ ಪಕ್ಕದ ಮಳಿಗೆ, ದಿನಾ ಅವರದೊಂದು ತಮಾಷೆ, ಏನ್ರೀ ಡಾಕ್ಟ್ರೆ, ಮಕ ಯಾಕ ಸಪ್ಪಗೈತೆ, ನಿಮ್ ಔಷಧಿ ನೀವೇ ಕುಡುದ್ರೋ ಹೆಂಗೆ — ಸೈನ್ಯದಲ್ಲಿ ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದುದಕ್ಕೆ ಆ ಹೆಸರು, ಇವರನ್ನೊಂದು ಮಾತು ಕೇಳಬೇಕು, ಇವತ್ತು ಬೇಡ, ನಾಳೆ, ಹೀಗೆಯೇ ವರ್ಷಗಟ್ಟಲೆ, ಇನ್ನು ಯಾರನ್ನು ಕೇಳುವುದು — ಎಪ್ಪತ್ತೊಂದರ ಯುದ್ಧ, ಗಡಿಯ ಡೇರೆ ಆಸ್ಪತ್ರೆ, ಸೆರೆಸಿಕ್ಕ ಪಾಕಿಸ್ತಾನದ ಸಿಪಾಯಿ ಯಾಕೂಬ, ತೊಡೆಯ ಮೂಳೆ ಒಡೆದಿತ್ತು, ಕ್ಯಾಪ್ಟನ್ ಸಾಹೇಬರು ಹೇಳಿದರು, ಇವನ ಗಾಯ ದೊಡ್ಡದು, ಇವನು ಮೊದಲು, ನಮ್ಮವರು ಆಮೇಲೆ, ಪಕ್ಕದ ಹಾಸಿಗೆಯ ನಮ್ಮವನೊಬ್ಬ ಉಗುಳಿದ, ವೈರಿಗೆ ಸೇವೆ ಮಾಡ್ತೀಯೇನೋ, ಆದರೂ ಒಂಬತ್ತು ದಿನ ಕೀವು ತೊಳೆದು, ಗಂಜಿ ಕುಡಿಸಿ, ಕಾಲು ಬಾಗದಂತೆ ಹಲಗೆ ಕಟ್ಟಿ, ಅಲುಗಾಡಿಸಿದರೆ ಕಣ್ಣಿನಲ್ಲೇ ಗದರಿ, ಹತ್ತನೆಯ ಬೆಳಿಗ್ಗೆ ಅವನ ಉಸಿರಿಲ್ಲ, ಮಣ್ಣು ಅವನ ಪದ್ಧತಿಯಂತೆಯೇ ಆಗಬೇಕು, ಯಾರಿಗೆ ಗೊತ್ತು ಎಂದು ಸಾಹೇಬರು ಕೇಳಿದಾಗ ಎದೆಯುಬ್ಬಿಸಿ ನಿಂತದ್ದು, ನನಗೆ ಗೊತ್ತು ಸಾರ್, ನಾವೂ ಹೂಳುವವರೇ — ಇಪ್ಪತ್ತೆರಡರ ಜಂಬ, ಹೂಳುವುದನ್ನು ಕಂಡಿದ್ದು ಒಂದೇ ಸಲ, ನಮ್ಮೂರು ನಂದಿಗುಡಿಯಲ್ಲಿ ಅಜ್ಜನನ್ನು ಗುಂಡಿಯೊಳಗೆ ಕಾಲು ಮಡಿಸಿ ಕೂರಿಸಿದ್ದು, ಯಾಕೂಬನನ್ನೂ ಹಾಗೆಯೇ ಕೂರಿಸಿ ಮಣ್ಣೆಳೆದದ್ದು, ಆಮೇಲೆ ಎಷ್ಟೋ ವರ್ಷಕ್ಕೆ ಲಾಲ್ ಸಾಬರ ತಂದೆ ತೀರಿಕೊಂಡ ದಿನ ತಿಳಿಯಿತು, ಅಯ್ಯೋ, ಇವರು ಮಲಗಿಸುತ್ತಾರೆ.

ಈಗ ಲಾಲ್ ಸಾಬರನ್ನೂ ಮಲಗಿಸಿದ್ದಾರೆ, ಬಲಮಗ್ಗುಲಿಗೆ, ಮುಖ ಪಡುವಣಕ್ಕೆ, ಎಷ್ಟು ಹಗುರವಾಗಿ ಇಳಿಸಿದರು, ಮೂರು ಹಿಡಿ ಮಣ್ಣು ಹಾಕಿ ವಾಮದೇವಪ್ಪ ಖಬರಸ್ತಾನದ ಗೋಡೆಗೊರಗಿದರು, ತಡೆಯಲಾಗದೆ ಎಲ್ಲವನ್ನೂ ಇಮ್ರಾನನಿಗೇ ಹೇಳಿದರು, ತಪ್ಪಾತೇನೋ ತಮ್ಮಾ, ಇಮ್ರಾನ್ ಅತ್ತು ಕೆಂಪಾದ ಕಣ್ಣು ಒರೆಸಿಕೊಂಡ, ಗೊತ್ತಿಲ್ದೆ ಮಾಡಿದ್ದಲ್ವಾ ಕಾಕಾ, ಅಲ್ಲಾಗೆ ಕೂತವ್ರನ್ನ ಎಬ್ಸೋದೇನು ಕಷ್ಟನಾ, ಅಬ್ಬಾಗೆ ಹೇಳಿದ್ರೆ ನಿಮ್ಮನ್ನ ವರ್ಷಗಟ್ಲೆ ಆಡ್ಕೊಂಡು ನಗ್ತಿದ್ರು, ಯಾಕ ಸುಮ್ನಿದ್ರಿ — ಹೌದು, ಯಾಕೆ, ನಕ್ಕುಬಿಡುತ್ತಿದ್ದರು, ಮುಗಿದುಹೋಗುತ್ತಿತ್ತು, ಆದರೆ ಈ ಕೈಗಳು, ಶಿವನೇ, ಲಾಲ್ ಸಾಬರಿಗೆ ಶಾಂತಿ ಕೊಡು, ಯಾಕೂಬನಿಗೂ ಕೊಡು, ಒಂಬತ್ತು ದಿನ ನೆಟ್ಟಗೆ ಕಾಪಾಡಿದ ಕಾಲು, ಕೂರಿಸಲೆಂದು ಹಲಗೆ ಬಿಚ್ಚಿ, ಮೊಣಕಾಲಿನ ಮೇಲೆ ಎರಡೂ ಕೈಯೂರಿ, ಸೆಟೆದ ಕಾಲು ಮಡಿಯಲೊಲ್ಲದು, ಒತ್ತಿ, ಮತ್ತೆ ಒತ್ತಿ — ತಂದೆ, ಅವನು ಕಾಲು ಚಾಚಿ ಮಲಗಲಿ.