ದಾರಿ ಕೇಳಿದವನು

ತಂದೆಯ ಸೆಟೆದ ಬೆರಳುಗಳ ನಡುವೆ ಕತ್ತರಿಯ ತುದಿಯನ್ನು ತೂರಿಸಲು ತಿಯೊದುಲಾ ಹೆಣಗುತ್ತಿದ್ದಳು. ಪೆಟ್ಟಿಗೆ ಮುಚ್ಚುವ ಮುನ್ನ ಮೃತನ ಕೈಯ ಜಪಸರದ ದಾರವನ್ನು ಕತ್ತರಿಸಬೇಕು. ಇಲ್ಲವಾದರೆ ಮನೆಯ ಇನ್ನೊಂದು ಜೀವ ಅವನ ಹಿಂದೆಯೇ ಹೊರಡುತ್ತದೆ.

"ಮಣಿ ಉದುರಿಸ್ಬೇಡ ಮಗಳೇ, ಗುಡಿಸೋ ಹಾಗಿಲ್ಲ," ಎಂದಳು ಸೋದರತ್ತೆ ಪ್ರಾಕ್ಸೆದಿಸ್.

ಹೆಣ ಮನೆಯಲ್ಲಿದ್ದಷ್ಟು ದಿನವೂ ಯಾರೂ ಕಸಬರಿಗೆ ಮುಟ್ಟಿರಲಿಲ್ಲ. ಹಿತ್ತಿಲಿಂದ ಗಾಳಿ ತಂದ ಮಿಡತೆಯ ರೆಕ್ಕೆಗಳು ನೆಲದ ಮೇಲೆ ಬಿದ್ದಿದ್ದವು. ಅವು ತಂದೆ ಕಾಡಿನಿಂದ ಹಿಡಿದು ತಂದಿದ್ದ ಮಾಮಗ್ ತಿಂದುಳಿಸಿದವು. ಮುಷ್ಟಿಗಾತ್ರದ ಆ ಪ್ರಾಣಿ ಸೊಂಟಕ್ಕೆ ಕಟ್ಟಿದ ನೂಲಿನೊಡನೆ ಹಿತ್ತಿಲ ಕಾಫಿಗಿಡವನ್ನು ತಬ್ಬಿ ಕುಳಿತಿತ್ತು. ಅದರ ಮುಖವೆಲ್ಲ ಕಣ್ಣು. ಆ ಕಣ್ಣುಗಳು ಹೊರಳಲಾರವು. ಏನನ್ನು ನೋಡಬೇಕಾದರೂ ಕತ್ತನ್ನೇ ಬೆನ್ನಿನವರೆಗೆ ತಿರುಗಿಸಬೇಕು.

ಸಮಾಧಿಯಾದೊಡನೆ ನದಿಯ ಕೆಳಹರಿವಿನಲ್ಲಿ ಪ್ರಾಣಿಗಳನ್ನು ತೋರಿಸುವ ತೋಟದ ಒಡೆಯ ಮಾಮಗ್ ಒಯ್ಯಲು ಪಂಜರ ತರುವನೆಂದೂ, ಅದಕ್ಕೆ ಪ್ರತಿಯಾಗಿ ತನಗೆ ತೋಟದ ಬಾಗಿಲು ಕಾಯುವ ಕೆಲಸವೆಂದೂ ತಿಯೊದುಲಾಳ ಗಂಡ ಇಸಿದ್ರೊ ಬಂದವರಿಗೆಲ್ಲ ಹೇಳಿಯಾಗಿತ್ತು.

"ಕಾಡಿಗೆ ಬಿಟ್ರೆ ಬೆಕ್ಕಿನ ಪಾಲು. ಅಲ್ಲಾದ್ರೆ ಹೊತ್ತುಹೊತ್ತಿಗೆ ಹುಳ ಹಾಕ್ತಾರೆ," ಎಂದ ಅವನು.

"ನಿನ್ನ ಮಾವನೂ ಹೀಗೇ ಹೇಳ್ತಿದ್ದ," ಎಂದಳು ಪ್ರಾಕ್ಸೆದಿಸ್.

ದಾರ ತುಂಡಾಯಿತು. ತಿಯೊದುಲಾ ಕತ್ತರಿಯನ್ನು ಕೆಳಗಿಡಲಿಲ್ಲ.

*

ತಿಯೊದುಲಾಳ ತಂದೆ ಅನಿಸೇತೊ ಮೊದಲು ತೆಂಗಿನ ಮರ ಹತ್ತುತ್ತಿದ್ದವನು. ಬಿದ್ದು ಸೊಂಟ ಮುರಿದ ಮೇಲೆ, ಮಾಮಗ್ ಹಿಡಿದು ದೋಣಿಯಲ್ಲಿ ಬರುವ ಪರಸ್ಥಳದವರಿಗೆ ತೋರಿಸುವುದೇ ಅವನ ಕಸುಬಾಯಿತು. ಕಾಡಿನಂಚಿನಲ್ಲಿ ಟೊಪ್ಪಿ ತೆಗೆದು "ತಾಬಿ, ಅಜ್ಜ" ಎನ್ನದೆ ಅವನು ಹೆಜ್ಜೆಯಿಟ್ಟವನಲ್ಲ. ಕಣ್ಣಿಗೆ ಕಾಣದ ವನದೊಡೆಯರಲ್ಲಿ ಅದು ದಾರಿ ಬಿಡಿರೆಂಬ ಬಿನ್ನಹ.

ಒಂದು ಮುಂಜಾನೆ ಬಿದಿರಿನ ಪಂಜರದಲ್ಲಿ ತಾಯಿ ಮಾಮಗ್ ಸತ್ತು ಬಿದ್ದಿತ್ತು. ಇರುಳೆಲ್ಲ ತಲೆಯನ್ನು ಕಡ್ಡಿಗಳಿಗೆ ಚಚ್ಚಿಕೊಂಡಿತ್ತು. ಮರಿ ಅದರ ಹೊಟ್ಟೆಗೆ ಅಂಟಿಕೊಂಡೇ ಇತ್ತು.

"ಅಜ್ಜನ್ನ ಕೇಳಿದ್ಯಲ್ಲಪ್ಪಾ?" ಎಂದಳು ಪುಟ್ಟ ತಿಯೊದುಲಾ.

ಅವನು ಮರಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. "ದಾರಿ ಕೇಳಿದ್ದೆ ಮಗಾ. ಅದೊಂದೇ ಕೇಳಿದ್ದು."

ಅಂದೇ ಪಂಜರವನ್ನು ಮುರಿದು ಒಲೆಗೆ ಹಾಕಿದ. ಆಮೇಲೆ ಹಿಡಿದವುಗಳನ್ನೆಲ್ಲ ನೂಲಿನಲ್ಲಿ ಕಟ್ಟಿದ. ಹಾಸಿಗೆ ಹಿಡಿಯುವವರೆಗೂ ಈ ಕೊನೆಯದರ ಗಂಟನ್ನು ದಿನವೂ ಸಡಿಲಿಸುತ್ತಿದ್ದ. ಮತ್ತೆ ತಾನೇ ಬಿಗಿಯುತ್ತಿದ್ದ.

*

ಇಗರ್ಜಿಯ ಗಂಟೆ ಮೊಳಗಿತು. ಪೆಟ್ಟಿಗೆಯನ್ನು ಹೆಗಲಿಗೇರಿಸುತ್ತ ಇಸಿದ್ರೊ ಹೆಂಡತಿಗಾಗಿ ಹಿಂದೆ ನೋಡಿದ. ಹಿತ್ತಿಲ ಬಾಗಿಲಿಗೆ ಪ್ರಾಕ್ಸೆದಿಸ್ ಅಡ್ಡ ನಿಂತಿದ್ದಳು.

"ಅಳೋಕೆ ಹೋಗಿದಾಳೆ. ಅಷ್ಟಾದ್ರೂ ಬಿಡು. ನೀನು ಹೆಗಲು ಕೊಡು, ನಡಿ."

ತಿಯೊದುಲಾ ನೂಲನ್ನು ಕತ್ತರಿಸಿದಳು. ಮಾಮಗ್‌ನ ಸೊಂಟದ ಸುತ್ತ ರೋಮವಿಲ್ಲದ ಬರಿಚರ್ಮದ ಉಂಗುರ ಉಳಿದಿತ್ತು. ಪ್ರಾಣಿಯನ್ನು ಎದೆಗೊತ್ತಿಕೊಂಡು ಅವಳು ಕಾಡಿನಂಚಿಗೆ ಬಂದಳು. ಎಲೆ ದಟ್ಟವಾದ ಕೊಂಬೆಯ ಪಕ್ಕಕ್ಕೆ ಕೈ ನೀಡಿದಳು.

"ತಾಬಿ, ಅಜ್ಜ," ಎಂದಳು. ಮುಂದೆ ಏನು ಕೇಳಬೇಕೋ ತೋಚಲಿಲ್ಲ. ತಂದೆ ಕಲಿಸಿದ್ದ ಮಾತು ಅಲ್ಲಿಗೇ ಮುಗಿದಿತ್ತು.

ಮಾಮಗ್ ಕೊಂಬೆಗೆ ಹಾರಲಿಲ್ಲ. ಹಗಲಿನ ಬೆಳಕಿಗೆ ಸಾಸಿವೆಯಷ್ಟಾಗಿದ್ದ ಪಾಪೆಗಳನ್ನು ಹೊತ್ತು, ಅವಳ ತೋರುಬೆರಳನ್ನು ಎರಡೂ ಕೈಗಳಿಂದ ತಬ್ಬಿ ಹಿಡಿಯಿತು.

ಇಳಿಜಾರಿನಲ್ಲಿ ಶವಯಾತ್ರೆಯ ಹಾಡು ದೂರವಾಗುತ್ತಿತ್ತು. ತಂದೆಯ ಹಿಂದೆ ಹೋಗಲಾಗದೆ, ಎಲೆಗಳ ನಡುವೆ ಕೈ ಚಾಚಿ ಅವಳು ಅಲುಗದೆ ನಿಂತಳು. ಮಾಮಗ್ ಮೆಲ್ಲಗೆ ಕತ್ತನ್ನು ಬೆನ್ನಿನವರೆಗೂ ಹೊರಳಿಸಿ ಮನೆಯ ಕಡೆ ನೋಡಿತು. ಬೆರಳನ್ನು ಮಾತ್ರ ಬಿಡಲಿಲ್ಲ.