ನಲವತ್ತೆಂಟಕ್ಕೆ ಒಂದು ಕಡಿಮೆ

“ನನ್ನ ಬ್ರ್ಯಾಕೆಟ್ಟುಗಳನ್ನ ಕಿತ್ತುಹಾಕಿದವನು ಯಾವನು?” ನಾನು ಕೂಗಿದ್ದು ಕೆಳಗಿನ ದೋಣಿಕಟ್ಟೆಗೂ ಕೇಳಿಸಿರಬೇಕು.

ಪಕ್ಕದ ಮೇಜಿನ ಗೆರ್ಬೆನ್ ತಲೆ ಎತ್ತಲಿಲ್ಲ. “ನಾನೇ. ಕಣ್ಣಿಗೆ ಗಲೀಜಾಗಿತ್ತು.”

ಅವತ್ತು ಅವನ ಹುಟ್ಟುಹಬ್ಬ. ರೂಢಿಯಂತೆ ಸೇಬಿನ ಕೇಕನ್ನು ಅವನೇ ತಂದಿದ್ದ. ಆದರೂ ನನ್ನ ಸಿಟ್ಟು ಇಳಿಯಲಿಲ್ಲ.

ಫ್ರೀಸ್‌ಲ್ಯಾಂಡಿನ ನಮ್ಮೂರಿನಲ್ಲಿ ಸಮುದ್ರದ ನೀರು ತಡೆಯುವ ಗೇಟುಗಳಿಗೆ ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಅದು. ನಾಲ್ಕು ಗೇಟು, ಒಂದೊಂದಕ್ಕೆ ಹನ್ನೆರಡು ತಾಸಿನ ಎತ್ತರ, ತಾಸಿಗೊಂದು ಅಂಕಿ. ನಾನು ಪ್ರತಿ ಗೇಟಿನ ಅಂಕಿಗಳಿಗೂ ಬೇರೆ ಬ್ರ್ಯಾಕೆಟ್ ಹಾಕಿ, ಒಂದರ ತಪ್ಪು ಇನ್ನೊಂದಕ್ಕೆ ಹರಡದಂತೆ, ನಾಲ್ಕು ಸಾಲು ಮಾಡಿದ್ದೆ. ಇವನು ಒಳಗಿನವನ್ನೆಲ್ಲ ತೆಗೆದು ನಲವತ್ತೆಂಟನ್ನೂ ಒಂದೇ ಬ್ರ್ಯಾಕೆಟ್ಟಿಗೆ ಸುರಿದಿದ್ದ.

“ಕಂಪೈಲರ್ ಒಂದು ಮಾತೂ ಆಡ್ಲಿಲ್ಲ, ತಾಯೀ ರೆನ್ಸ್ಕೆ. ನಿನಗೊಬ್ಬಳಿಗೇ ಉರಿ.” ಬರೆದದ್ದನ್ನು ಯಂತ್ರದ ಭಾಷೆಗೆ ಇಳಿಸುವಾಗ ತಪ್ಪು ಹಿಡಿಯುವುದು ಕಂಪೈಲರ್ ಕೆಲಸ.

“ಒಂದು ಅಂಕಿ ಹೆಚ್ಚಾದ್ರೆ ಅದು ಬೊಬ್ಬೆ ಹೊಡೆಯತ್ತೆ ಕಣೋ. ಕಡಿಮೆ ಆದ್ರೆ ಕೊನೇಲಿ ಸೊನ್ನೆ ತುಂಬಿ ಸುಮ್ಮನಿರತ್ತೆ. ಸೊನ್ನೆ ಅಂದ್ರೆ ಗೇಟು ನೆಲಕ್ಕೆ ಮಲಗ್ತು ಅಂತ. ನನ್ನ ಮನೆ ಇರೋದು ಆ ಗೇಟಿನ ಹಿಂದೇನೇ!”

ಮುಖ್ಯಸ್ಥರಾದ ಡೌವೆ ಬಾಗಿಲಲ್ಲಿ ನಿಂತಿದ್ದರು. “ಗುರುವಾರ ಅಮಾವಾಸ್ಯೆ ಭರತ. ಇವತ್ತು ಮಧ್ಯಾಹ್ನಾನೇ ಇದು ಗೇಟಿಗೆ ಹೋಗ್ಬೇಕು. ರುಜು ಹಾಕ್ತೀಯೋ ಇಲ್ವೋ?”

“ಹತ್ತು ನಿಮಿಷ ಕೊಡಿ.”

ಅಂಕಿಗಳ ಪಟ್ಟಿಗೆ ಮೊದಲೇ ಕೊಟ್ಟಿದ್ದ ಅಳತೆಯನ್ನು ಅಳಿಸಿದೆ. ಎಷ್ಟು ಅಂಕಿ ಇವೆಯೆಂದು ಕಂಪೈಲರೇ ಎಣಿಸಲಿ. ಕೆಳಗೊಂದು ಕಾವಲು ಸಾಲು ಬರೆದೆ: ಎಣಿಕೆ ನಲವತ್ತೆಂಟು ಇಲ್ಲದಿದ್ದರೆ ಮುಂದೆ ಹೋಗಕೂಡದು. ಗುಂಡಿ ಒತ್ತಿದೆ. ಕಂಪೈಲರ್ ಕೆಂಪಕ್ಷರದಲ್ಲಿ ಒಲ್ಲೆನೆಂದಿತು.

ಬೆರಳಿಟ್ಟು ಎಣಿಸಿದೆವು. ನಲವತ್ತೇಳು! ಮೂರನೇ ಗೇಟಿನ ಮೊದಲ ಅಂಕಿ ಬ್ರ್ಯಾಕೆಟ್ಟಿನ ಜೊತೆಗೇ ಅಳಿಸಿಹೋಗಿತ್ತು. ಮುಂದಿನವೆಲ್ಲ ಒಂದೊಂದು ಮನೆ ಹಿಂದಕ್ಕೆ ಸರಿದು, ನಾಲ್ಕನೇ ಗೇಟಿನ ಕೊನೆಯ ತಾಸಿಗೆ, ಸಮುದ್ರ ತುಂಬಿ ನಿಲ್ಲುವ ಹೊತ್ತಿಗೆ, ಸೊನ್ನೆ ಬೀಳುತ್ತಿತ್ತು.

“ಒಂದು ಅಂಕಿ ತಾನೇ, ಸೇರಿಸಿದ್ರಾಯ್ತು,” ಅಂದ ಗೆರ್ಬೆನ್. “ಆ ಕಾವಲು ತೆಗಿ. ಇಪ್ಪತ್ತು ವರ್ಷದಿಂದ ಬರೀತಿದೀನಿ, ನನಗೇ ಕಾವಲಾ?”

“ಕಾವಲು ನನಗೂ ಸೇರಿಸೇ ಕಣೋ. ಬ್ರ್ಯಾಕೆಟ್ಟೂ ವಾಪಸ್ ಬರತ್ತೆ, ಕಾವಲೂ ಇರತ್ತೆ.”

ಅವನು ಡೌವೆ ಕಡೆ ನೋಡಿದ. “ಕಾವಲು ಇರ್ಲಿ,” ಅಂದರು ಡೌವೆ.

ನಾಲ್ಕು ಸಾಲನ್ನು ಮತ್ತೆ ಕಟ್ಟಿ, ಪ್ರತಿ ಸಾಲಿಗೂ ಹನ್ನೆರಡರ ಕಾವಲಿಟ್ಟು ರುಜು ಹಾಕಿದೆ. ಗೆರ್ಬೆನ್ ಕೋಟು ಎತ್ತಿಕೊಂಡ. “ಕೇಕನ್ನೂ ಎಣಿಸ್ಕೊಂಡು ತಿನ್ನಿ,” ಎಂದು ಬಾಗಿಲು ಬಡಿದು ಹೋದ. ಅವತ್ತು ಮತ್ತೆ ಬರಲಿಲ್ಲ.